ಓಡದ ಸಾಲಿನ ಲೆಕ್ಕ

2014ರ ಫೆಬ್ರವರಿ 21ಕ್ಕೆ ಆಪಲ್ ಕಂಪನಿ ಐಫೋನ್‌ಗಳಿಗೆ ಐಒಎಸ್ 7.0.6 ಅನ್ನೋ ಚಿಕ್ಕ ಅಪ್‌ಡೇಟ್ ಬಿಟ್ಟಿತು. ಅದರ ಹಿಂದೆ ಇದ್ದದ್ದು ಒಂದು ಸಾಲಿನ ತಪ್ಪು. ಫೋನು ಬ್ಯಾಂಕಿಗೋ ಇಮೇಲಿಗೋ ಸುರಕ್ಷಿತ ಸಂಪರ್ಕ ಮಾಡುವಾಗ, ಆ ಕಡೆ ಇರೋದು ನಿಜವಾದ ಸರ್ವರ್ ಹೌದೋ ಅಲ್ಲವೋ ಅಂತ ಸಹಿ ಪರೀಕ್ಷಿಸೋ ಒಂದು ಫಂಕ್ಷನ್ ಇತ್ತು. ಅದರ ಮಧ್ಯೆ 'ಗೋಟು ಫೇಲ್' ಅನ್ನೋ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಮೊದಲನೆಯದು ಮೇಲಿನ ಇಫ್‌ಗೆ ಸೇರಿದ್ದು. ಎರಡನೆಯದು ಯಾವ ಇಫ್‌ಗೂ ಸೇರದೆ, ಯಾವಾಗಲೂ ಓಡಿ ಸೀದಾ ಫಂಕ್ಷನ್ನಿನ ಕೊನೆಗೆ ಜಿಗಿಯುತ್ತಿತ್ತು. ಆ ಹೊತ್ತಿಗೆ ಎರರ್ ಸಂಖ್ಯೆ ಸೊನ್ನೆ, ಅಂದ್ರೆ 'ಎಲ್ಲ ಸರಿ ಇದೆ'. ಸಹಿಯನ್ನ ನಿಜವಾಗಿ ಪರೀಕ್ಷಿಸೋ ಸಾಲು ಅದರ ಕೆಳಗೇ ಕೂತಿತ್ತು. ಆ ಸಾಲಿಗೆ ಪಾಳಿಯೇ ಬರಲಿಲ್ಲ.

ಬ್ರೇಸ್ ಹಾಕಿದ್ದರೆ ಸಾಕಿತ್ತು, ಗೋಟು ಬಳಸಲೇಬಾರದಿತ್ತು ಅಂತ ಆಗ ಬಹಳ ಚರ್ಚೆ ನಡೀತು. ನನಗೆ ಕಾಡಿದ್ದು ಇನ್ನೊಂದು ವಿಷಯ. ಪ್ರೋಗ್ರಾಮಿನ ಯಾವ ಸಾಲು ಓಡಿದೆ, ಯಾವುದು ಓಡಿಲ್ಲ ಅಂತ ಎಣಿಸಬೇಕು ಅನ್ನೋ ಆಲೋಚನೆಗೆ ಅಷ್ಟೊತ್ತಿಗೆ ಐವತ್ತು ವರ್ಷ ದಾಟಿತ್ತು. ಅದಕ್ಕೆ ಪುಕ್ಕಟೆ ಉಪಕರಣಗಳೂ ಇದ್ದವು. ನಾವು ಇದನ್ನ 'ಟೆಸ್ಟ್ ಕವರೇಜ್' ಅಂತೀವಿ. ಇದರ ಕಥೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

1963ರ ಫೆಬ್ರವರಿಯಲ್ಲಿ 'ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ' ಪತ್ರಿಕೆಯಲ್ಲಿ ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಒಂದು ಲೇಖನ ಬರೆದರು. ಪ್ರೋಗ್ರಾಮನ್ನ ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದ ಕಾಲ ಅದು. ಸುಮ್ಮನೆ ಕಂತೆಗಟ್ಟಲೆ ಡೇಟಾ ಕೊಟ್ಟು ಓಡಿಸಿದ ಮಾತ್ರಕ್ಕೆ ಪ್ರೋಗ್ರಾಮನ್ನ ಪರೀಕ್ಷಿಸಿದ ಹಾಗಾಗಲ್ಲ, ಅದರ ಕವಲುಗಳನ್ನ ಮೊದಲು ಬಿಡಿಸಿಟ್ಟುಕೊಂಡು, ಪ್ರತಿ ಕವಲಿಗೂ ಹೋಗೋ ಹಾಗೆ ಡೇಟಾ ಆರಿಸಬೇಕು ಅನ್ನೋದು ಅವರ ವಾದದ ತಿರುಳು. ಕವರೇಜ್ ಬಗ್ಗೆ ಅಚ್ಚಾದ ಮೊದಲ ಲೇಖನ ಅಂತ ಇವತ್ತಿಗೂ ಇದನ್ನೇ ತೋರಿಸ್ತಾರೆ.

ಎಂಟು ವರ್ಷದ ನಂತರ, 1971ರಲ್ಲಿ, ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್ ಬೇರೆಯವರು ಬರೆದ ಫೋರ್ಟ್ರಾನ್ ಪ್ರೋಗ್ರಾಮುಗಳನ್ನ ಕಲೆಹಾಕಿ, ಪ್ರತಿ ಸಾಲು ಎಷ್ಟು ಸಲ ಓಡುತ್ತೆ ಅಂತ ಎಣಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೋಗ್ರಾಮಿನ ಶೇಕಡಾ 4ಕ್ಕಿಂತ ಕಡಿಮೆ ಭಾಗವೇ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತೆ ಅನ್ನೋದು ಅಲ್ಲಿ ಸಿಕ್ಕ ಪ್ರಸಿದ್ಧ ಉತ್ತರ. ಅವರ ಗುರಿ ವೇಗ. ಆದರೆ ಸಾಲು ಸಾಲಿಗೂ ಎಣಿಕೆ ಹಾಕಿದರೆ ಇನ್ನೊಂದು ವಿಷಯವೂ ತಾನಾಗಿ ಬೀಳುತ್ತೆ: ಯಾವ ಸಾಲಿನ ಎದುರು ಸೊನ್ನೆ ಇದೆ ಅನ್ನೋದು.

ಈ ಎಣಿಕೆ ನಮ್ಮಂಥ ಸಾಮಾನ್ಯ ಪ್ರೋಗ್ರಾಮರ್‌ಗಳ ಟರ್ಮಿನಲ್ಲಿಗೆ ಬಂದದ್ದು ಯುನಿಕ್ಸ್ ಮೂಲಕ. ಸನ್ ಕಂಪನಿಯ ಯುನಿಕ್ಸ್‌ನಲ್ಲಿ 'ಟಿಕವ್' ಅನ್ನೋ ಕಮಾಂಡ್ ಇತ್ತು. ಪುಕ್ಕಟೆ ಸಾಫ್ಟ್‌ವೇರ್ ಕಡೆ ಬಂದದ್ದು 'ಜಿಕವ್'. ಅದರ ಸೋರ್ಸ್ ಫೈಲಿನ ತಲೆಯಲ್ಲಿ ಕಾಪಿರೈಟ್ ವರ್ಷ 1990ರಿಂದ ಶುರುವಾಗುತ್ತೆ. ಕೊಟ್ಟವರು ಸಿಗ್ನಸ್ ಸಪೋರ್ಟ್ ಕಂಪನಿಯ ಜೇಮ್ಸ್ ವಿಲ್ಸನ್. ಅದರ ಕೆಳಗೆ, ಆಮೇಲೆ ಕೈಹಾಕಿದವರು ತಾವು ಇದನ್ನ 'ಕೆಡಿಸಿದೆವು' ಅಂತ ತಮಾಷೆಗೆ ಬರಕೊಂಡಿದ್ದಾರೆ.

ಜಿಕವ್ ಕೆಲಸ ಮಾಡೋ ರೀತಿ ಬಹಳ ಸರಳ. ಜಿಸಿಸಿ ಕಂಪೈಲರಿಗೆ ಎರಡು ಅಡ್ಡಗೆರೆ ಹಾಕಿ 'ಕವರೇಜ್' ಅನ್ನೋ ಆಯ್ಕೆ ಕೊಡಬೇಕು. ಅದು ಪ್ರೋಗ್ರಾಮಿನ ದಾರಿಗಳ ನಕ್ಷೆಯನ್ನ 'ಜಿಸಿಎನ್ಒ' ಫೈಲಿನಲ್ಲಿ ಬರೆದಿಟ್ಟು, ಪ್ರೋಗ್ರಾಮಿನ ಒಳಗೆ ಅಲ್ಲಲ್ಲಿ ಎಣಿಕೆಯ ಕೋಡ್ ಸೇರಿಸುತ್ತೆ. ಪ್ರೋಗ್ರಾಮ್ ಓಡಿ ಮುಗಿದಾಗ ಎಣಿಕೆಗಳು 'ಜಿಸಿಡಿಎ' ಫೈಲಿಗೆ ಹೋಗ್ತವೆ. ಮತ್ತೆ ಓಡಿಸಿದರೆ ಹಳೆಯದಕ್ಕೆ ಕೂಡುತ್ತಾ ಹೋಗುತ್ತೆ. ಕೊನೆಗೆ ಜಿಕವ್ ಓಡಿಸಿದರೆ ಸೋರ್ಸ್ ಫೈಲಿನದೇ ಒಂದು ಪ್ರತಿ ಸಿಗುತ್ತೆ. ಪ್ರತಿ ಸಾಲಿನ ಎಡಕ್ಕೆ ಅದು ಎಷ್ಟು ಸಲ ಓಡಿತು ಅನ್ನೋ ಸಂಖ್ಯೆ. ಓಡದ ಸಾಲಿಗೆ ಐದು ಹ್ಯಾಶ್ ಗುರುತು. ಕಾಮೆಂಟ್, ಖಾಲಿ ಸಾಲು ಇಂಥವಕ್ಕೆ ಬರೀ ಒಂದು ಗೆರೆ. ಒಂದು ಎಚ್ಚರಿಕೆ: ಪ್ರೋಗ್ರಾಮ್ ಮಧ್ಯದಲ್ಲೇ ಕ್ರ್ಯಾಶ್ ಆದರೆ ಎಣಿಕೆ ಫೈಲಿಗೆ ಇಳಿಯೋದೇ ಇಲ್ಲ. ಇದು ಗೊತ್ತಿಲ್ಲದೆ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡವನು ನಾನು.

ಇನ್ನೊಂದು ಸೊಗಸು ಇದೆ. ಕಂಪೈಲರ್ ಎಲ್ಲ ದಾರಿಗಳಲ್ಲೂ ಎಣಿಕೆ ಇಡಲ್ಲ. ಕಾಲುವೆ ಎರಡಾಗಿ ಒಡೆಯೋ ಕಡೆ ಬಂದ ನೀರು ಎಷ್ಟು, ಎಡಕ್ಕೆ ಹೋದದ್ದೆಷ್ಟು ಅಂತ ಗೊತ್ತಿದ್ದರೆ ಬಲಕ್ಕೆ ಹೋದದ್ದನ್ನ ಅಳೆಯೋದೇ ಬೇಡ, ಕಳೆದರೆ ಸಾಕು. ಅದೇ ಲೆಕ್ಕದಲ್ಲಿ ಕೆಲವು ದಾರಿ ಮಾತ್ರ ಎಣಿಸಿ ಉಳಿದದ್ದನ್ನ ಕೂಡಿ ಕಳೆದು ತೆಗೀತಾರೆ.

ವಿಮಾನದವರು ಇದನ್ನ ಕಾನೂನಿನ ಮಟ್ಟಕ್ಕೆ ಒಯ್ದರು. 1992ರಲ್ಲಿ ಬಂದ ಡಿಒ-178ಬಿ ಅನ್ನೋ ಮಾನದಂಡ, ಸಾಫ್ಟ್‌ವೇರ್ ಕೆಟ್ಟರೆ ಆಗೋ ಅನಾಹುತದ ಮೇಲೆ ಹಂತ ಗೊತ್ತು ಮಾಡಿತು. 'ಸಿ' ಹಂತಕ್ಕೆ ಪ್ರತಿ ಸಾಲೂ ಓಡಿರಬೇಕು. 'ಬಿ'ಗೆ ಪ್ರತಿ ನಿರ್ಧಾರವೂ ಹೌದು, ಅಲ್ಲ ಎರಡೂ ಕಡೆ ಹೋಗಿರಬೇಕು. ವಿಮಾನವೇ ಬೀಳಬಹುದಾದ 'ಎ' ಹಂತಕ್ಕೆ ಎಂಸಿಡಿಸಿ: ಒಂದು ಇಫ್ ಒಳಗೆ ಮೂರು ಷರತ್ತು ಇದ್ದರೆ, ಪ್ರತಿಯೊಂದೂ ತಾನೊಂದೇ ನಿರ್ಧಾರವನ್ನ ಬದಲಿಸಬಲ್ಲದು ಅಂತ ತೋರಿಸಬೇಕು.

ನಮ್ಮಂಥವರ ಪ್ರಪಂಚದಲ್ಲಿ ಆದದ್ದೇ ಬೇರೆ. 2002ರಲ್ಲಿ ಐಬಿಎಂನವರು 'ಎಲ್‌ಕವ್' ಬರೆದು, ಜಿಕವ್ ಫಲಿತಾಂಶವನ್ನ ಹಸಿರು ಕೆಂಪು ಪಟ್ಟಿಗಳಿರೋ ಪುಟಗಳನ್ನಾಗಿ ಮಾಡಿದರು. ಗ್ಯಾರೆತ್ ರೀಸ್ ಶುರು ಮಾಡಿದ ಪೈಥಾನ್ ಕವರೇಜ್ ಉಪಕರಣವನ್ನ 2004ರಿಂದ ನೆಡ್ ಬ್ಯಾಚೆಲ್ಡರ್ ಬೆಳೆಸಿದರು. 2013ರ ಡಿಸೆಂಬರಿನಲ್ಲಿ ಗೋ ಭಾಷೆಯ 1.2 ಆವೃತ್ತಿ ಬಂದಾಗ, ಟೆಸ್ಟ್ ಓಡಿಸೋ ಕಮಾಂಡಿಗೆ 'ಕವರ್' ಅಂತ ಒಂದು ಪದ ಸೇರಿಸಿದರೆ ಸಾಕು, ಶೇಕಡಾ ಇಷ್ಟು ಅಂತ ಒಂದೇ ಸಾಲಿನ ಉತ್ತರ. ಒಂದೊಂದೂ ಹಿಂದಿನದಕ್ಕಿಂತ ಸುಲಭ. ಸುಲಭ ಆದಂತೆಲ್ಲ ನಾವು ಫೈಲ್ ತೆಗೆದು ಸಾಲು ನೋಡೋದು ಬಿಟ್ಟು, ಕೊನೆಯ ಸಂಖ್ಯೆಯನ್ನಷ್ಟೇ ನೋಡೋಕೆ ಶುರು ಮಾಡಿದೆವು.

ಇದರಲ್ಲಿ ನನ್ನ ಪಾಲೂ ಇದೆ. ಹಿಂದೆ ನಾನಿದ್ದ ಒಂದು ಟೀಮಿನಲ್ಲಿ ಕವರೇಜ್ ಶೇಕಡಾ 80ಕ್ಕಿಂತ ಕಡಿಮೆ ಇದ್ದರೆ ಕೋಡ್ ಒಳಗೆ ಸೇರಿಸೋಕೆ ಬಿಡ್ತಿರಲಿಲ್ಲ. ಶುಕ್ರವಾರ ಸಂಜೆ ನನ್ನದು 76ಕ್ಕೆ ನಿಂತಿತ್ತು, ರಾತ್ರಿ ಊರಿಗೆ ಬಸ್ಸು. ಫಂಕ್ಷನ್‌ಗಳನ್ನ ಸುಮ್ಮನೆ ಕರೆಯೋ ನಾಲ್ಕು ಟೆಸ್ಟ್ ಬರೆದೆ. ಉತ್ತರ ಏನು ಬಂತು ಅಂತ ಅವು ಕೇಳಲೇ ಇಲ್ಲ. ಸಂಖ್ಯೆ 83 ಆಯ್ತು. ಪಕ್ಕದ ಗೆಳೆಯ, "ಹಸಿರು ಬಂತಲ್ಲ ಗುರೂ, ಹೊರಡು" ಅಂದ. ಹೊರಟೆ. ಮೂರು ವಾರ ಆದಮೇಲೆ ಗ್ರಾಹಕರೊಬ್ಬರ ಬಿಲ್ಲಿನಲ್ಲಿ ಒಂದೇ ರಿಯಾಯಿತಿ ಎರಡು ಸಲ ಕಳೆದುಹೋಗಿತ್ತು. ಹುಡುಕಿದರೆ ತಪ್ಪು ಸಾಲು ಕವರೇಜ್ ವರದಿಯಲ್ಲಿ ಹಸಿರಾಗೇ ಇತ್ತು. ಓಡಿಸಿದ್ದು ನನ್ನ ಟೆಸ್ಟೇ.

ಆಗ ನೆನಪಾದದ್ದು ಅಪ್ಪ. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ನೀರು ಹಾಯಿಸಿ, ಬೆಳಿಗ್ಗೆ ಬದುವಿನ ಮೇಲೆ ಒಂದು ಸುತ್ತು ಬರೋರು. ಅವರ ಕಣ್ಣು ಹುಡುಕ್ತಿದ್ದದ್ದು ಒಣಗಿದ ಮಡಿಯನ್ನ. ಮಡಿ ಒಣಗಿದ್ದರೆ ನೀರು ಬಂದಿಲ್ಲ, ಅದರಲ್ಲಿ ಅನುಮಾನ ಇಲ್ಲ. ಒದ್ದೆ ಇದ್ದರೆ ಮಾತ್ರ, "ಬೇರಿಗೆ ಇಳಿದಿದ್ಯೋ ಇಲ್ವೋ, ಅಗೆದು ನೋಡ್ಬೇಕು ಕಣೋ" ಅನ್ನೋರು. ಕವರೇಜ್ ಕೂಡ ಇಷ್ಟೇ. ಅದರ ಸೊನ್ನೆಯನ್ನ ಪೂರ್ತಿ ನಂಬಬಹುದು. ಅದರ ನೂರನ್ನ ನಂಬೋ ಹಾಗಿಲ್ಲ.

ನೂರು ಮುಟ್ಟಿದವರ ಕಥೆಯೂ ಇದನ್ನೇ ಹೇಳುತ್ತೆ. ನಿಮ್ಮ ಫೋನಿನಲ್ಲಿ ಇರೋ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸನ್ನ ಬರೆದ ರಿಚರ್ಡ್ ಹಿಪ್ ಅವರ ತಂಡ, 2009ರಲ್ಲಿ ಕವಲುಗಳ ಕವರೇಜನ್ನ ಶೇಕಡಾ ನೂರಕ್ಕೆ ಮುಟ್ಟಿಸಿತು. ಅಳೆದದ್ದು ಇದೇ ಜಿಕವ್ ಇಟ್ಟುಕೊಂಡು. ವಿಮಾನದವರ ಎಂಸಿಡಿಸಿ ಮಟ್ಟವನ್ನೂ ಅವರು ಪಾಲಿಸ್ತಾರೆ. ಇಷ್ಟಾದರೂ 2015ರಲ್ಲಿ ಮಿಹಾವ್ ಜಲೆವ್ಸ್ಕಿ ಅನ್ನೋ ಭದ್ರತಾ ತಜ್ಞರು ತಾವೇ ಬರೆದ 'ಎಎಫ್‌ಎಲ್' ಉಪಕರಣ ಹಚ್ಚಿ, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ರ್ಯಾಶ್‌ಗಳನ್ನ ಹೆಕ್ಕಿ ತೆಗೆದರು.

ಎಎಫ್‌ಎಲ್ ಒಳಗೆ ಇರೋದೂ ಕವರೇಜ್ ಎಣಿಕೆಯೇ ಅನ್ನೋದು ಇಲ್ಲಿ ಮುಖ್ಯ. ಅದು ಇನ್‌ಪುಟ್ಟನ್ನ ಮನಸ್ಸಿಗೆ ಬಂದಂತೆ ತಿರುಚಿ ಪ್ರೋಗ್ರಾಮಿಗೆ ಕೊಡುತ್ತೆ. ಯಾವ ಇನ್‌ಪುಟ್ ಹೊಸ ದಾರಿ ಹಿಡಿಯಿತೋ ಅದನ್ನ ಇಟ್ಟುಕೊಂಡು ಇನ್ನಷ್ಟು ತಿರುಚುತ್ತೆ. ಶೇಕಡಾ ಎಷ್ಟಾಯ್ತು ಅನ್ನೋದು ಅದಕ್ಕೆ ಬೇಕಿಲ್ಲ. ಇನ್ನೂ ಹೋಗದ ಕಡೆ ಯಾವುದು ಅನ್ನೋದಷ್ಟೇ ಬೇಕು. 1963ರಲ್ಲಿ ಮಿಲ್ಲರ್ ಮತ್ತು ಮಲೋನಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಎಸ್‌ಕ್ಯೂಲೈಟ್ ತಂಡವೂ ಮುನಿಸಿಕೊಳ್ಳದೆ ಆ ತಪ್ಪುಗಳನ್ನ ತಿದ್ದಿ, ಇಂಥ ತಿರುಚಿದ ಇನ್‌ಪುಟ್‌ಗಳ ಪರೀಕ್ಷೆಯನ್ನ ತನ್ನ ದಿನನಿತ್ಯದ ಕೆಲಸಕ್ಕೆ ಸೇರಿಸಿಕೊಂಡಿತು.

ಈಗ ಆಪಲ್‌ನ ಆ ಫಂಕ್ಷನ್ನಿಗೆ ವಾಪಸ್ ಬರೋಣ. ಅದನ್ನ ಕವರೇಜ್ ಹಾಕಿ ಓಡಿಸಿ, ಫೈಲ್ ತೆಗೆದು ನೋಡಿದ್ದರೆ ಏನು ಕಾಣುತ್ತಿತ್ತು? ಎರಡನೇ 'ಗೋಟು ಫೇಲ್' ತನಕ ಸಂಖ್ಯೆಗಳು. ಅದರ ಕೆಳಗೆ, ಸಹಿ ಪರೀಕ್ಷಿಸೋ ಸಾಲಿನ ಎದುರು ಒಂದು ಸಂಖ್ಯೆಯೂ ಇರುತ್ತಿರಲಿಲ್ಲ. ಇಲ್ಲೂ ಶೇಕಡಾವಾರು ಕೈಕೊಡಬಹುದು ನೋಡಿ: ತಲುಪಲಾಗದ ಸಾಲನ್ನ ಕಂಪೈಲರ್ ಮೊದಲೇ ಕಿತ್ತುಹಾಕಿದರೆ ಆ ಸಾಲು ಲೆಕ್ಕಕ್ಕೇ ಬರಲ್ಲ, ಸಂಖ್ಯೆ ಇಳಿಯೋದೂ ಇಲ್ಲ. ಆದರೆ ಕಣ್ಣಿಟ್ಟು ಓದಿದವರಿಗೆ, ಆ ಫಂಕ್ಷನ್ ಇರೋದೇ ಯಾವ ಸಾಲಿಗಾಗಿಯೋ ಆ ಸಾಲಿನ ಎದುರು ಜಾಗ ಖಾಲಿ ಅಂತ ಗೊತ್ತಾಗುತ್ತಿತ್ತು.

ನಾನು ಈಗಲೂ ಕವರೇಜ್ ಓಡಿಸ್ತೀನಿ. ಶೇಕಡಾ ಎಷ್ಟು ಅಂತ ಮ್ಯಾನೇಜರ್ ಕೇಳಿದರೆ ಹೇಳ್ತೀನಿ. ಆದರೆ ಅದಕ್ಕೂ ಮುಂಚೆ ಟರ್ಮಿನಲ್ಲಿನಲ್ಲಿ ಐದು ಹ್ಯಾಶ್ ಗುರುತು ಇರೋ ಸಾಲುಗಳನ್ನ ಗ್ರೆಪ್ ಮಾಡಿ, ಒಂದೊಂದಾಗಿ ಓದ್ತೀನಿ. ಹತ್ತು ನಿಮಿಷ ಸಾಕು. ಬೆಳಿಗ್ಗೆ ಬದುವಿನ ಮೇಲೆ ಒಂದು ಸುತ್ತು ಬರೋಕೆ ಅಪ್ಪನಿಗೂ ಅಷ್ಟೇ ಹೊತ್ತು ಹಿಡೀತಿತ್ತು.