ಹುಕ್ಕಾದ ಬುಡದಿಂದ ಹೂದಾನಿಗೆ

ಶಂಶಾಬಾದಿನ ಸುತ್ತ ಎದ್ದಿರುವ ತೋಟದ ಮನೆಗಳಲ್ಲಿ ಹಳ್ಳಿಮನೆಯ ಕಳೆ ತರುವ ಹಂಬಲ ಜೋರಾಗಿದೆ. ಎಲ್ಲಿಂದಲೋ ಕಿತ್ತು ತಂದ ತೇಗದ ಕಂಬ, ಒರಟು ಕಲ್ಲಿನ ನೆಲ, ಮೂಲೆಯ ಮರದ ಪೆಟ್ಟಿಗೆಯ ಮೇಲೆ ಬೆಳ್ಳಿ ಗೆರೆಯ ಕಪ್ಪು ಹೂದಾನಿ, ಅದರಲ್ಲಿ ಮೂರು ನಾಲ್ಕು ಸುಗಂಧರಾಜದ ಕಡ್ಡಿ. ಕೇಳಿದರೆ ‘ನಿಜಾಮರ ಕಾಲದ್ದು’ ಎನ್ನುತ್ತಾರೆ. ಅಂಥ ಬಿದ್ರಿ ಹೂದಾನಿಯ ತವರು ಹೈದರಾಬಾದಿನಿಂದ ಸುಮಾರು 140 ಕಿ.ಮೀ. ದೂರದ ನಮ್ಮ ಬೀದರ್. 1956ರ ನವೆಂಬರ್ 1ರವರೆಗೆ ಅದೂ ಹೈದರಾಬಾದ್ ರಾಜ್ಯದಲ್ಲೇ ಇತ್ತು.

ಹಳೆಯ ಮಾದರಿಯ ಈ ಹೂದಾನಿಗಳ ಆಕಾರ ನೋಡಿ. ಹೊಟ್ಟೆ ದಪ್ಪ, ಕತ್ತು ಸಣ್ಣ. ಅಂಗಡಿಯ ಹೂಗುಚ್ಛ ಒಳಗೆ ಇಳಿಯುವುದೇ ಇಲ್ಲ. ಏಕೆಂದರೆ ಈ ಆಕಾರ ಹೂವಿಗಾಗಿ ಹುಟ್ಟಿದ್ದಲ್ಲ, ಹುಕ್ಕಾಕ್ಕಾಗಿ. ಹೊಟ್ಟೆಯಲ್ಲಿ ನೀರು, ಕತ್ತಿನಲ್ಲಿ ಕೊಳವೆ, ಮೇಲೆ ಕೆಂಡ ಮತ್ತು ತಂಬಾಕಿನ ಚಿಲುಮೆ. ಹೊಗೆ ನೀರಿನ ಮೂಲಕ ತಣ್ಣಗಾಗಿ ಬರಬೇಕು. ಮೊದಲಿನವು ಗುಂಡಗೆ ಚೆಂಡಿನಂತಿದ್ದು, ಕೂರಿಸಲು ಕೆಳಗೊಂದು ಬಳೆ ಬೇಕಿತ್ತು. ಗಂಟೆಯಾಕಾರದವು ಬಂದದ್ದು ಆಮೇಲೆ.

ಬಹಮನಿ ಸುಲ್ತಾನರು ಇರಾನಿನ ಕುಶಲಕರ್ಮಿಯನ್ನು ಕರೆಸಿದರೆಂಬ ಕತೆ ಬೀದರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಇಂದು ಉಳಿದಿರುವ ಹಳೆಯ ಬಿದ್ರಿ ವಸ್ತುಗಳಲ್ಲಿ ಹೆಚ್ಚಿನವು 17ನೇ ಶತಮಾನದವು ಅಥವಾ ಇನ್ನೂ ಈಚಿನವು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅಂಥ ಹುಕ್ಕಾ ಬುಡಗಳಿವೆ. ಆ ಕಾಲದ ಬುಡಗಳ ಮೈತುಂಬ ಹೂಗಿಡಗಳು: ಗಸಗಸೆ, ಐರಿಸ್, ಒಂದೊಂದೂ ಬೇರೆಬೇರೆಯಾಗಿ ಬೇರಿನ ಮೇಲೆ ನಿಂತಂತೆ. ಒಳಗೆ ಹೂ ಬರುವ ಎಷ್ಟೋ ಕಾಲ ಮೊದಲೇ ಹೊರಗೆ ಹೂ ಅರಳಿತ್ತು.

18ನೇ ಶತಮಾನದಲ್ಲಿ ಕಂಪನಿಯ ದೊರೆಗಳೂ ಹುಕ್ಕಾ ಸೇದುತ್ತಿದ್ದರು. ಮುಂದಿನ ಶತಮಾನದಲ್ಲಿ ಅವರಿಗದು ಹಳೇ ಚಾಳಿ ಎನಿಸಿ, ಚುಟ್ಟಾ ಕೈಗೆ ಬಂತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ವಸ್ತುಗಳನ್ನು ಕಂಡ ಯುರೋಪಿನವರಿಗೆ ಬೇಕಿದ್ದುದು ಮನೆಯ ಅಲಂಕಾರ. ಹಳೆಯ ಬುಡಗಳು ದೀಪದ ಕಂಬವಾದವು, ಹೂದಾನಿಯಾದವು. ಕುಶಲಕರ್ಮಿಗಳೂ ಹೂದಾನಿ, ಡಬ್ಬಿಗಳತ್ತ ಹೊರಳಿದರು. ಇದನ್ನು ಕಲೆಯ ಇಳಿಗಾಲ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹುಕ್ಕಾವನ್ನೇ ನೆಚ್ಚಿ ಕೂತಿದ್ದರೆ ಅದರ ಜೊತೆಗೇ ಈ ಕಸುಬೂ ಹೋಗುತ್ತಿತ್ತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತೆಂದರೆ, ಅದರ ಹಿಂದೆ ಈ ಹೂದಾನಿಗಳ ಋಣವೂ ಇದೆ.

ಹಾಗಾಗಿ ನಿನ್ನೆ ಮಾಡಿದ ಬಿದ್ರಿ ಹೂದಾನಿಯನ್ನು ನಕಲಿ ಎನ್ನಲಾಗದು. ನಕಲಿ ಎಂದರೆ ಕಪ್ಪು ಬಣ್ಣ ಬಳಿದು, ಬೆಳ್ಳಿಯ ಗೆರೆ ಎಳೆದದ್ದು. ನಿಜವಾದ ಬಿದ್ರಿಯ ಕಪ್ಪು ಬಣ್ಣವೇ ಅಲ್ಲ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪಾಗಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಚಿತ್ರ ಬರೆದು, ಚಾಣದಿಂದ ಕೊರೆದು, ಆ ಕಾಲುವೆಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ಇಡೀ ವಸ್ತು ಬೂದಿಬಣ್ಣಕ್ಕೆ ತಿರುಗಿ, ಬೆಳ್ಳಿ ಯಾವುದು ಸತು ಯಾವುದು ತಿಳಿಯುವುದೇ ಕಷ್ಟ. ಕೊನೆಗೆ ಬರುವುದು ಬೀದರ್ ಕೋಟೆಯ ಹಳೆಯ ಭಾಗಗಳ ಮಣ್ಣು. ಅದಕ್ಕೆ ನವಸಾಗರ, ನೀರು ಬೆರೆಸಿ, ಬಿಸಿ ಮಾಡಿದ ಹೂದಾನಿಗೆ ಉಜ್ಜಿದರೆ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳಗುತ್ತದೆ. ಕುಶಲಕರ್ಮಿಗಳು ಈ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಆಮೇಲೆ ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಗಾಢ.

ಶಂಶಾಬಾದಿನ ಆ ಪೆಟ್ಟಿಗೆಯ ಮೇಲಿರುವುದು ಅಸಲಿ ಬಿದ್ರಿಯಾದರೆ, ಸುಗಂಧರಾಜಕ್ಕೆ ನೇರವಾಗಿ ನೀರು ಹೊಯ್ಯಬೇಡಿ. ದಿನಗಟ್ಟಲೆ ನೀರು ನಿಂತರೆ ಸತುವಿಗೆ ಬಿಳಿ ಪುಡಿ ಹತ್ತುತ್ತದೆ. ಹುಕ್ಕಾದ ನೀರನ್ನು ಬದಲಿಸುವವರಿದ್ದರು, ಹೂದಾನಿಯದು ಮರೆತೇಹೋಗುತ್ತದೆ. ಕತ್ತಿನೊಳಗೆ ಸಣ್ಣ ಗಾಜಿನ ಕೊಳವೆ ಇಳಿಸಿ, ನೀರನ್ನು ಅದರಲ್ಲಿಡಿ. ಹುಣಸೆಹಣ್ಣು, ಹಿತ್ತಾಳೆ ಬೆಳಗುವ ಪುಡಿ ಹತ್ತಿರ ಸುಳಿಯಬಾರದು. ಉಜ್ಜಿದರೆ ಕೋಟೆಯ ಮಣ್ಣು ಕೊಟ್ಟ ಕಪ್ಪೇ ಹೋಗುತ್ತದೆ. ಮೆತ್ತನೆಯ ಒಣಬಟ್ಟೆ ಸಾಕು.