ಹವಾಲೆ, ಹವಾಲಾ: ಒಂದೇ ನುಡಿಯ ಎರಡು ಬರವು

ಯಾದಗಿರಿ ಸೀಮೆಯ ಸೈದಾಪುರದ ಕಡೆ ಯಾರಾದರೂ “ಈ ರೊಕ್ಕ ನಿಮ್ಮ ಕಾಕಾನ ಹವಾಲಿ ಮಾಡಿ ಬಾ” ಎಂದರೆ ಯಾರ ಹುಬ್ಬೂ ಮೇಲೇರುವುದಿಲ್ಲ. ಅದೇ ರೊಕ್ಕ “ಹವಾಲಾದಾಗ ಬಂತಂತ” ಎಂದರೆ ಮಾತನಾಡುವವರ ದನಿ ತಾನಾಗಿ ತಗ್ಗುತ್ತದೆ. ಮೂಲದಲ್ಲಿ ಎರಡೂ ಒಂದೇ ಅರಬ್ಬೀ ಪದ. ಮೊದಲನೆಯದು ನಂಬಿಕೆಯ ಮಾತು, ಎರಡನೆಯದು ಅಪರಾಧದ ಹೆಸರು. ಈ ನಡುವೆ ಪದಕ್ಕೆ ಏನಾಯಿತೆಂದು ನುಡಿಯ ನಂಟುಳ್ಳ ನಾವು ನಿಧಾನವಾಗಿ ಬಿಡಿಸಿ ನೋಡಬೇಕು.

ಹ-ವ-ಲ ಎಂಬ ಮೂರು ವ್ಯಂಜನಗಳ ಆ ಅರಬ್ಬೀ ಧಾತುವಿಗೆ ತಿರುಗು, ಮಾರ್ಪಡು, ಒಂದರಿಂದ ಇನ್ನೊಂದಕ್ಕೆ ಸಾಗು ಎಂಬ ಅರ್ಥಗಳಿವೆ. ಇಸ್ಲಾಮೀ ಧರ್ಮಶಾಸ್ತ್ರದ ಋಣಪ್ರಕರಣದಲ್ಲಿ ಹವಾಲಾ ಎಂದರೆ ಸಾಲದ ಹೊಣೆಯನ್ನು ಒಬ್ಬನಿಂದ ಮತ್ತೊಬ್ಬನಿಗೆ ವರ್ಗಾಯಿಸುವ ಕರಾರು, ಅಷ್ಟೇ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ನೆಲೆಗೊಂಡ ಮೇಲೆ ಆದಿಲಶಾಹಿ, ಹೈದರಾಬಾದಿನ ನಿಜಾಮರವರೆಗೂ ಫಾರ್ಸಿಯ, ಆಮೇಲೆ ಉರ್ದುವಿನ ದಫ್ತರಗಳು ಯಾದಗಿರಿ, ಶಹಾಪುರ, ಸುರಪುರಗಳ ಈ ಸೀಮೆಯನ್ನು ಆಳಿದವು. ಆ ದಫ್ತರದ ಬಾಗಿಲಿನಿಂದಲೇ ನಮ್ಮ ಮಾತಿಗೆ ಹವಾಲೆ ಬಂತು, ಅದನ್ನು ಹೊತ್ತ ಹವಾಲ್ದಾರನೂ ಬಂದ. ಮರಾಠರ ಕೋಟೆಯಲ್ಲಿ ಕೋಟೆಯ ಹವಾಲೆ ಪಡೆದ ಅಧಿಕಾರಿಯಾಗಿ, ಬ್ರಿಟಿಷರ ಪಲ್ಟನ್ನಿನಲ್ಲಿ ಸಾರ್ಜೆಂಟನಿಗೆ ಸಮನಾಗಿ, ಈಗ ಹಳ್ಳಿಯವರ ಬಾಯಲ್ಲಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಆಗಿ ಅವನು ಉಳಿದಿದ್ದಾನೆ. ಅದೇ ಧಾತುವಿನ ಸಂತತಿ ನಮ್ಮಲ್ಲಿ ಇನ್ನೂ ಇದೆ: ಇರುವ ಸ್ಥಿತಿಯನ್ನು ಹೇಳುವ ‘ಹಾಲ್’ನಿಂದ ‘ಹಾಲಿ ಸದಸ್ಯ’, ಮೊದಲಿನ ಸ್ಥಿತಿಗೆ ಮರಳಿಸುವ ‘ಬಹಾಲು’, ಸ್ಥಿತಿಗತಿಗಳೆಂಬ ಬಹುವಚನದಿಂದ ಹುಟ್ಟಿ ನಮ್ಮಲ್ಲಿ ಬಿನ್ನಹದ ಅರ್ಥಕ್ಕೆ ಹೊರಳಿದ ‘ಅಹವಾಲು’, ನಗದಿನ ಹವಾಲೆ ಹೊತ್ತ ‘ತಹವೀಲ್ದಾರ’. ಈ ಕೊನೆಯವನನ್ನು ತಹಶೀಲ್ದಾರನೆಂದು ಎಣಿಸಬಾರದು. ತಹಶೀಲಿನ ಧಾತು ಬೇರೆ, ಅದು ವಸೂಲಿಯದು.

ಇನ್ನು ಕಡೆಯ ಸ್ವರ. ಸಂಸ್ಕೃತದ ಆಕಾರಾಂತಗಳು ಕನ್ನಡಕ್ಕೆ ಬಂದು ಮಾಲೆ, ಶಾಲೆ, ದಯೆಗಳಾಗುವುದನ್ನು ಬಲ್ಲೆವು. ಶಬ್ದಮಣಿದರ್ಪಣದ ಕೇಶಿರಾಜನ ಕಾಲಕ್ಕೇ ಇದು ವ್ಯಾಕರಣದ ವಿಷಯ. ಅದೇ ಒಲವು ಖಜಾನಾವನ್ನು ಖಜಾನೆ ಮಾಡಿತು, ಜಿಲ್ಲಾವನ್ನು ಜಿಲ್ಲೆ, ಹವಾಲಾವನ್ನು ಹವಾಲೆ. ಮನೆ ಮನಿಯಾಗುವ ಸೈದಾಪುರದ ಸೀಮೆಯಲ್ಲಿ ಹವಾಲೆ ಇನ್ನೊಂದು ಹೆಜ್ಜೆ ಹೋಗಿ ಹವಾಲಿಯಾಯಿತು. ಹಾಗಾದರೆ ದೀರ್ಘ ಆಕಾರವನ್ನು ಹಾಗೇ ಉಳಿಸಿಕೊಂಡ ಹವಾಲಾ ಎಂದಿನದು? ಅದು ಹಳೆಯ ದಫ್ತರದ ವರ ಅಲ್ಲ, ಮೊನ್ನೆ ಮೊನ್ನೆ ಹಿಂದಿ, ಇಂಗ್ಲಿಷ್ ಪತ್ರಿಕೆಗಳ ಮೂಲಕ ಬಂದದ್ದು. ಕನ್ನಡದ ಬಾಯಲ್ಲಿ ಇನ್ನೂ ಪಳಗಿಲ್ಲ.

ಈ ಎರಡನೆಯ ಬರವಿಗೆ ದಾರಿ ಮಾಡಿದ್ದು ಕಾಯಿದೆ. ವಿದೇಶಿ ವಿನಿಮಯದ ಕೊರತೆಯ ಕಾಲದಲ್ಲಿ 1947ರ ಫೆರಾ (ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ) ಹುಟ್ಟಿತು, 1973ರಲ್ಲಿ ಇನ್ನಷ್ಟು ಬಿಗಿಯಾಯಿತು. ದುಬೈಯಲ್ಲಿ ದುಡಿದವನು ಅಲ್ಲಿ ಒಬ್ಬನಿಗೆ ದಿರ್ಹಮ್ ಕೊಟ್ಟರೆ ಊರಿನಲ್ಲಿ ಮತ್ತೊಬ್ಬ ರೂಪಾಯಿ ಎಣಿಸುವ, ಹಣ ಗಡಿ ದಾಟದೆಯೇ ಮುಟ್ಟುವ ವ್ಯವಹಾರ ನಿಷಿದ್ಧವಾಯಿತು. ಫೆರಾದ ಜಾಗಕ್ಕೆ ಬಂದ 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ) ತನ್ನ ಮೂರನೆಯ ಕಲಮಿನಲ್ಲಿ, ಹೊರದೇಶದವರ ಹೇಳಿಕೆಯ ಮೇರೆಗೆ ಅಧಿಕೃತರಲ್ಲದವರಿಂದ ಹಣ ಪಡೆಯಕೂಡದು ಎಂದು ಸುತ್ತಿ ಬಳಸಿ ಹೇಳುತ್ತದೆ, ಹವಾಲಾ ಎಂಬ ಹೆಸರೆತ್ತುವುದಿಲ್ಲ. ಅದರ ಉಲ್ಲಂಘನೆಗೆ ಮೂಲತಃ ದಂಡ ತೆರುವುದೇ ಶಿಕ್ಷೆ. ಪದವನ್ನು ಭಯೋತ್ಪಾದನೆಗೆ ಗಂಟು ಹಾಕಿದ್ದು 1991ರ ಜೈನ್ ಡೈರಿ ಪ್ರಕರಣ: ಕಾಶ್ಮೀರದ ಉಗ್ರರಿಗೆ ಹಣ ಮುಟ್ಟಿಸಿದ ಜಾಡು ಹಿಡಿದು ಹೋದವರಿಗೆ ರಾಜಕಾರಣಿಗಳಿಗೆ ಸಂದ ಹಣದ ಟಿಪ್ಪಣಿಗಳು ಸಿಕ್ಕವು, 1997ರ ಡಿಸೆಂಬರ್ 18ರಂದು ಅದೇ ತನಿಖೆಗೆ ಸಂಬಂಧಿಸಿದ ವಿನೀತ್ ನಾರಾಯಣ್ ಪ್ರಕರಣದ ತೀರ್ಪಿನವರೆಗೂ ಪತ್ರಿಕೆಗಳ ತಲೆಬರಹದಲ್ಲಿ ಹವಾಲಾ ನಿಂತಿತು. ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಹುಟ್ಟು ಮಾತ್ರ ಬೇರೆ; ಅದರ ಪೀಠಿಕೆ ನೆನೆಯುವುದು ವಿಶ್ವಸಂಸ್ಥೆ 1990 ಮತ್ತು 1998ರಲ್ಲಿ ಮಾದಕವಸ್ತುಗಳ ಬಗ್ಗೆ ಹೊರಡಿಸಿದ ಘೋಷಣೆಗಳನ್ನು. 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿ ಉಗ್ರರ ಹಣದ ಮೂಲ ಕತ್ತರಿಸಲು 1373ನೆಯ ಠರಾವು ಮಾಡಿದ ಮೇಲೆ ಮಾದಕವಸ್ತುವಿನ ಹಣ, ಉಗ್ರರ ಹಣ ಒಂದೇ ಕಡತಕ್ಕೆ ಸೇರಿದವು: 2002ರ ಆ ಕಾಯಿದೆ 2005ರ ಜುಲೈ 1ರಂದು ಜಾರಿಗೆ ಬಂತು, 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ (ಯುಎಪಿಎ) 2004ರಲ್ಲಿ ಉಗ್ರರಿಗಾಗಿ ಹಣ ಕೂಡಿಸುವ ಅಪರಾಧ ಸೇರಿತು.

ಕಾಗದ ಕಡಿಮೆಯಿರುವ ಈ ವ್ಯವಹಾರಕ್ಕೆ ಬಹುಮಟ್ಟಿಗೆ ಸಾಕ್ಷಿ ಆಡಿದ ಮಾತೇ, ಆದ್ದರಿಂದ ಕದ್ದಾಲಿಕೆಯೂ ಕಾಯಿದೆಯ ಜೊತೆ ಬಂತು. ಆಗ ಅದರ ಬುಡ 1885ರ ಟೆಲಿಗ್ರಾಫ್ ಕಾಯಿದೆಯಾಗಿತ್ತು. ಕರ್ನಾಟಕದ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯಿದೆ ಹಾಗೆ ಆಲಿಸಿದ ಮಾತನ್ನು ನ್ಯಾಯಾಲಯದ ಸಾಕ್ಷ್ಯವನ್ನಾಗಿ ಮಾಡಿತು. ಈ ಅಧಿಕಾರ ಎತ್ತ ಹೊರಳಬಲ್ಲದೆಂದು ನಾವು ಮೊದಲೇ ಕಂಡಿದ್ದೆವು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದಿಂದಲೇ.

ಉಗ್ರರಿಗೆ ಹಣ ಮುಟ್ಟದಂತೆ ತಡೆಯುವುದು ರಾಜ್ಯದ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ 24ನೆಯ ಕಲಮು ಹಣ ನಿರ್ಮಲವೆಂದು ರುಜುವಾತು ಮಾಡುವ ಭಾರವನ್ನು ಆರೋಪಿಯ ಮೇಲೆ ಹೊರಿಸುತ್ತದೆ, 45ನೆಯದು ಜಾಮೀನನ್ನು ಬಲು ಕಠಿಣಗೊಳಿಸುತ್ತದೆ. 2022ರ ಜುಲೈ 27ರಂದು ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು. ಇಂಥ ಕಾಯಿದೆಯ ಕೆಳಗೆ ಒಂದು ಪದದ ಕಳಂಕವೇ ಅರ್ಧ ತೀರ್ಪಾಗಿಬಿಡುತ್ತದೆ. ಪತ್ರಿಕೆಯವರಲ್ಲಿ, ವಕೀಲರಲ್ಲಿ, ನುಡಿಯ ನಂಟುಳ್ಳ ನಮ್ಮೆಲ್ಲರಲ್ಲಿ ಬಿನ್ನಹವಿಷ್ಟೇ: ಯಾರ ಮೇಲಾದರೂ ಹವಾಲಾದ ಆರೋಪ ಬಂದಾಗ, ಅದೇ ಧಾತುವಿನಲ್ಲಿ ಹುಟ್ಟಿದ ಅಹವಾಲನ್ನು ಮೊದಲು ಕೇಳೋಣ.