ಗೆಜ್ಜೆಪಟ್ಟಿಯ ಅಂಚು

ದೊಡ್ಡಉಳ್ಳಾರ್ತಿಯ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಎತ್ತಿನ ಕೊರಳಿನ ಒಂದು ಗೆಜ್ಜೆಪಟ್ಟಿ ಸಿಕ್ಕಿತು. ಅಪ್ಪನ ಕಾಲದ್ದು. ಅರ್ಧದಷ್ಟು ಗೆಜ್ಜೆ ಉದುರಿಹೋಗಿದ್ದವು, ತೊಗಲು ಒಣಗಿ ಬಿರುಕು ಬಿಟ್ಟಿತ್ತು. ಅಂಚು ಮಾತ್ರ ಬಳೆಯ ಹಾಗೆ ಗುಂಡಗೆ, ನುಣ್ಣಗೆ ಹೊಳೆಯುತ್ತಿತ್ತು. ಇಂಥದ್ದೇ ಇನ್ನೊಂದನ್ನು ನನ್ನ ಕೈಯಲ್ಲೇ ಮಾಡಬೇಕೆಂಬ ಹುಚ್ಚು ಹಿಡಿಯಿತು. ಮೇಷ್ಟ್ರ ಕೆಲಸದಿಂದ ನಿವೃತ್ತನಾದವನಿಗೆ ಹೊತ್ತಿಗೇನೂ ಕೊರತೆಯಿರಲಿಲ್ಲ.

ತೊಗಲು ಕತ್ತರಿಸುವುದು, ಹೊಲಿಯುವುದು ಹೇಗೋ ನಡೆಯಿತು. ತೊಂದರೆ ಕೊಟ್ಟಿದ್ದು ಅಂಚು. ಕತ್ತರಿಸಿದ ಜಾಗದಲ್ಲಿ ತೊಗಲಿನ ಎಳೆಗಳು ಬಿಚ್ಚಿಕೊಂಡು ನಿಲ್ಲುತ್ತವೆ. ಹಾಗೇ ಬಿಟ್ಟರೆ ಬೆವರು, ಮಳೆ, ದೂಳು ಅಲ್ಲಿಂದಲೇ ಒಳಗಿಳಿದು ಪಟ್ಟಿ ಪದರ ಪದರವಾಗಿ ಬಿಡುತ್ತದೆ. ಅಂಚನ್ನು ಒದ್ದೆ ಮಾಡಿ, ಅದಕ್ಕೆ ಹೊಂದುವ ಕಾಲುವೆಯಿರುವ ಗಟ್ಟಿ ವಸ್ತುವಿನಿಂದ ಉಜ್ಜಬೇಕು. ಆ ಒತ್ತಡಕ್ಕೂ ಬಿಸಿಗೂ ಎಳೆಗಳು ಮಲಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕೊನೆಗೆ ಜೇನುಮೇಣ ತಿಕ್ಕಿದರೆ ನೀರು ಸುಲಭಕ್ಕೆ ಇಳಿಯುವುದಿಲ್ಲ.

ಕಬ್ಬಿಣದ ಸರಳಿನ ತುದಿಯಲ್ಲಿ ಗುಂಡು ಅರದಿಂದ ಕಾಲುವೆ ಕೊರೆದೆ. ಸ್ಯಾಂಡ್ ಪೇಪರ್ ಹಾಕಿ ಮುಖ ಕಾಣುವಷ್ಟು ತಿಕ್ಕಿದೆ. ಅಂಚನ್ನು ಒದ್ದೆ ಮಾಡಿ ಹತ್ತು ಸಲ ಎಳೆದಿರಬೇಕು, ಜೇನುಬಣ್ಣದ ತೊಗಲಿನ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಗೆರೆ ಮೂಡಿತು. ತೊಳೆದರೂ ಹೋಗಲಿಲ್ಲ.

ಪಟ್ಟಿ ಹಿಡಿದುಕೊಂಡು ಊರಿನಲ್ಲಿ ಇನ್ನೂ ಮೆಟ್ಟು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಎಂಬತ್ತರ ಹತ್ತಿರದ ವಯಸ್ಸು. ನೋಡಿ ನಕ್ಕರು.

“ಕಬ್ಬಿಣ ಮುಟ್ಸಿದ್ರೆ ಕರ್ರಗಾಗ್ದೆ ಇನ್ನೇನಾಗ್ತದೆ ಮೇಷ್ಟ್ರೆ? ಚಕ್ಕೆ ನೀರು ಕುಡ್ದಿರೋ ತೊಗಲು ಇದು. ಕೊಯ್ಯಾಕೆ ಕಬ್ಬಿಣ, ಉಜ್ಜಾಕೆ ಕೊಂಬು.”

ಮರದ ಚಕ್ಕೆಯಿಂದ ಹದಮಾಡಿದ ತೊಗಲಿನಲ್ಲಿ ಒಗರು ತುಂಬಿರುತ್ತದೆ. ಒದ್ದೆ ಒಗರಿಗೆ ಕಬ್ಬಿಣ ತಾಗಿದರೆ ಆಗುವುದು ಮಸಿಯೇ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಶಾಯಿ ಮಾಡಿದ್ದು, ಬಟ್ಟೆಗೆ ಕಪ್ಪು ಬಣ್ಣ ಹಾಕಿದ್ದು ಇದೇ ಗುಣದಿಂದ. ನಲವತ್ತು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ.

ನಮ್ಮ ಸೀಮೆಯ ದನದ ಇತಿಹಾಸವನ್ನು ನಾನು ಸಾಕಷ್ಟು ಓದಿದ್ದೇನೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. 1799ರಲ್ಲಿ ಬ್ರಿಟಿಷರ ಕೈಸೇರಿತು. ಖರ್ಚು ಉಳಿಸಲೆಂದು 1860ರಲ್ಲಿ ಅದನ್ನು ಮುಚ್ಚಿ ದನಗಳನ್ನು ಮಾರಿದರು. ಫಿರಂಗಿ ಎಳೆಯಲು ಅಂಥ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಿದರು. ಕಾವಲುಗಳ ಹೆಸರು, ದನಗಳ ಲೆಕ್ಕ ಎಲ್ಲ ಬರಹದಲ್ಲಿದೆ. ಆ ಎತ್ತುಗಳ ಕೊರಳಪಟ್ಟಿ, ಮೂಗುದಾರದ ಹಿಂದೆಯೂ ಕೈಗಳಿದ್ದವಲ್ಲ! ನಾನು ಓದಿದ ಪುಟಗಳಲ್ಲಿ ಅವರು ಸಿಗಲಿಲ್ಲ.

ಊರೊಳಗಿನ ವ್ಯವಸ್ಥೆ ನನಗೇ ಗೊತ್ತು. ಸತ್ತ ದನ ಹೊರುವುದು ಮಾದಿಗರ ಪಾಲು. ತೊಗಲೂ ಅವರದೇ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ಹೆರೆದು, ಅದನ್ನೇ ಚೀಲದಂತೆ ಹೊಲಿದು, ಒಳಗೆ ತಂಗಡಿ ಚಕ್ಕೆ ಮತ್ತು ನೀರು ತುಂಬಿ ಮರಕ್ಕೆ ತೂಗುಹಾಕುತ್ತಿದ್ದರು. ಹಳದಿ ಹೂವಿನ ತಂಗಡಿ ನಮ್ಮ ಬಯಲಲ್ಲಿ ಯಾರೂ ನೆಡದೆ ಬೆಳೆಯುವ ಗಿಡ. ಹೀಗೆ ಹದವಾದ ತೊಗಲೇ ಮೆಟ್ಟು, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ಆಗುತ್ತಿತ್ತು. ಬದಲಿಗೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು. ನಮ್ಮ ಹೊಲಕ್ಕೆ ನೀರು ಹಾಯಿಸಿದ್ದು ಅವರು ಹೊಲಿದ ಚೀಲ. ನಮ್ಮ ಜಗಲಿ ಹತ್ತಲು ಮಾತ್ರ ಅವರಿಗೆ ಅಪ್ಪಣೆಯಿರಲಿಲ್ಲ.

ಈ ಚೀಲವೇ ತೊಗಲಿನ ಕಥೆಯನ್ನು ಬದಲಿಸಿದವುಗಳಲ್ಲಿ ಒಂದು. ಮದರಾಸಿನಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು 1903ರ ಸುಮಾರಿಗೆ ಕ್ರೋಮ್ ಉಪ್ಪಿನಿಂದ ತೊಗಲು ಹದಮಾಡುವ ಪ್ರಯೋಗ ಆರಂಭಿಸಿದರು. ಸದಾ ನೀರಿನಲ್ಲಿರುವ ಕಪಿಲೆ ಚೀಲಕ್ಕೆ ಕ್ರೋಮ್ ತೊಗಲು ಹೆಚ್ಚು ಬಾಳುತ್ತದೆ ಎಂಬುದು ಅವರ ಲೆಕ್ಕ. 1912ರಲ್ಲಿ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿಯೂ ಬಂದರು. ಮುಂದೆ ಕಪಿಲೆ ಹೋಗಿ ಪಂಪ್‌ಸೆಟ್ ಬಂತು, ಕ್ರೋಮ್ ಉಳಿಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯತೊಡಗಿತು. ಕ್ರೋಮ್ ತೊಗಲಿನ ಅಂಚನ್ನು ಎಷ್ಟು ಉಜ್ಜಿದರೂ ಅದು ಚಕ್ಕೆ ತೊಗಲಿನ ಹಾಗೆ ಕೂರುವುದಿಲ್ಲ, ಮೆತ್ತಗೆ ಮತ್ತೆ ಏಳುತ್ತದೆ. ಬಣ್ಣ ಬಳಿದು ಮುಚ್ಚುತ್ತಾರೆ, ಇಲ್ಲವೆ ಮಡಚಿ ಹೊಲಿಯುತ್ತಾರೆ. ಉಜ್ಜುವ ಕೆಲಸವೇ ಕಡಿಮೆಯಾದ ಮೇಲೆ ಉಜ್ಜುವ ಸಾಮಾನು ಯಾರಿಗೆ ಬೇಕು?

ಹಿರಿಯರು ತಮ್ಮ ಪೆಟ್ಟಿಗೆಯಿಂದ ಕೊಂಬಿನ ತುಂಡೊಂದನ್ನು ತೆಗೆದರು. ತುದಿಯಲ್ಲಿ ಕಾಲುವೆ. ಅದು ಕೊರೆದದ್ದೋ ಉಜ್ಜಿ ಉಜ್ಜಿ ಆದದ್ದೋ ಹೇಳುವಂತಿರಲಿಲ್ಲ. ಹೆಸರೇನೆಂದು ಕೇಳಿದೆ.

“ಉಜ್ಜೋ ಕೊಂಬು. ಅದಕ್ಕಿನ್ನೇನು ಹೆಸರು?”

ಬಸವಣ್ಣನಿಗಿಂತ ಹಿರಿಯನೆಂದು ಹೇಳಲಾಗುವ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗುಂಟ ಬರುತ್ತವೆ. ದೇವರ ಹೆಸರಿನ ಜೊತೆ ಕಸುಬಿನ ಸಾಮಾನನ್ನು ಕೂರಿಸಿದ ಅಂಕಿತ ಅದು. ಚೆನ್ನಯ್ಯನನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅಡಿಗುಂಟ ಎಂದರೇನೆಂದು ಮಕ್ಕಳು ಕೇಳಿದರೆ ‘ಚಮ್ಮಾರರ ಒಂದು ಉಪಕರಣ’ ಎಂದು ಮುಂದೆ ಹೋಗುತ್ತಿದ್ದೆ. ನಾಲ್ಕು ಮನೆಯಾಚೆ ಅದು ಇತ್ತು. ಹೋಗಿ ನೋಡಿರಲಿಲ್ಲ.

ಅವರು ನಮ್ಮ ಪಟ್ಟಿಯನ್ನು ತಿರುಗಿಸಿ ಹೊಲಿಗೆ ಸವರಿದರು. “ನಮ್ಮಪ್ಪನ ಕೈದು ಇದು” ಎಂದರು. ಆ ಪಟ್ಟಿ ಕಟ್ಟಿದ ಎತ್ತುಗಳ ಹೆಸರು ನನಗಿನ್ನೂ ನೆನಪಿದೆ, ರಾಮ, ಬಸವ. ಹೊಲಿದವರ ಹೆಸರನ್ನು ಅವತ್ತು ಮೊದಲ ಸಲ ಕೇಳಿದೆ. ಹೇಳಿದರು. ಪತ್ರಿಕೆಯಲ್ಲಿ ಹಾಕಬೇಡಿ ಅಂದದ್ದರಿಂದ ಇಲ್ಲಿ ಬರೆಯುತ್ತಿಲ್ಲ.

ಚಳ್ಳಕೆರೆಯ ಲೇತ್ ಅಂಗಡಿಯಲ್ಲಿ 12 ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳು ಕೊಟ್ಟು ಹೊಸದನ್ನು ಮಾಡಿಸಿದೆ. ತೊಗಲಿನ ದಪ್ಪ 4 ಮಿಲಿಮೀಟರ್. ಕಾಲುವೆ ಕೂದಲೆಳೆ ಹೆಚ್ಚು, ತಳ ಗುಂಡಗೆ. ಕಾಲುವೆಯ ತುಟಿ ಚೂಪಾಗಿದ್ದರೆ ತೊಗಲನ್ನು ಕೊಯ್ಯುತ್ತದೆ, ಅದನ್ನು ನಾನೇ ಕೂತು ಮೊಂಡು ಮಾಡಿದೆ. 220ರಿಂದ 1500ರವರೆಗಿನ ಸ್ಯಾಂಡ್ ಪೇಪರ್ ಒಂದರ ಮೇಲೊಂದು ಹಾಕಿದೆ. ಹಿಡಿ ಜಾಲಿಯದು.

ಹಿರಿಯರಿಗೆ ತೋರಿಸಿದೆ. ಅಂಚಿಗೆ ಎಂಜಲು ಹಚ್ಚಿ ಉಜ್ಜಿದರು. ಕಪ್ಪಾಗಲಿಲ್ಲ. “ಪರವಾಗಿಲ್ಲ. ಕೊಂಬಿನಷ್ಟು ಬೇಗ ಬಿಸಿ ನಿಲ್ಲಲ್ಲ. ಇನ್ನೊಂದಿಷ್ಟು ಹೊತ್ತು ಉಜ್ಬೇಕು” ಎಂದರು. ಸರಿಯಾದ ಮಾತು. ಹಿತ್ತಾಳೆ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತದೆ, ಕೊಂಬು ತೊಗಲಿಗೇ ಬಿಡುತ್ತದೆ.

ಹೊಸ ಪಟ್ಟಿ ಮುಗಿದ ದಿನ ಮತ್ತೆ ಹೋದೆ. ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, ಗೆಜ್ಜೆ ಅಲ್ಲಾಡಿಸಿ ಕೇಳಿದರು, “ಯಾವ ಎತ್ತಿಗೆ ಮೇಷ್ಟ್ರೆ?”

ನಮ್ಮ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಂತು ಎಷ್ಟೋ ವರ್ಷವಾಯಿತು. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ಸಂಶೋಧನಾ ಸಂಸ್ಥೆಗಳಿಗೆ ಹೋಗಿ, ದನ ಮೇಯುತ್ತಿದ್ದ ಕಡೆ ಗೋಡೆ ಎದ್ದಿದೆ. ಏನು ಹೇಳುವುದು ತಿಳಿಯಲಿಲ್ಲ. ಅವರು ಪಟ್ಟಿ ಕೆಳಗಿಟ್ಟು, ಹಿತ್ತಾಳೆಯ ತುಂಡನ್ನು ಮಾತ್ರ ಮತ್ತೆ ಕೈಗೆತ್ತಿಕೊಂಡರು. “ಇದು ಇಲ್ಲೇ ಇರ್ಲಾ?” ಎಂದರು. ಇರಲಿ ಎಂದೆ.